ಪಟ್ಟದ ಗೊಂಬೆಯೂ ಮೂರು ಪದರ ಗಾರೆಯೂ

ಕೌಸಲ್ಯಾ ಕೇಳಿದ್ದು ಇಷ್ಟೇ, ಬೀರುವಿನ ಮೇಲಿರುವ ಗೊಂಬೆ ಪೆಟ್ಟಿಗೆಯನ್ನು ಕೆಳಗಿಳಿಸಿಕೊಡಿ ಎಂದು. ಜಯತೀರ್ಥ ಇಡ್ಲಿಯ ಕೊನೆಯ ಚೂರನ್ನು ಚಟ್ನಿಯಲ್ಲಿ ಹೊರಳಿಸಿ ಬಾಯಿಗೆ ಹಾಕಿಕೊಂಡ, ಎಂಜಲು ಕೈಯನ್ನು ತಟ್ಟೆಯ ಮೇಲೆ ಎತ್ತಿ ಹಿಡಿದ, ಮತ್ತು ಈ ಸಲದ ದಸರಾ ಗೊಂಬೆಗೆ ತಾನೊಂದು ಮನೆ ಕಟ್ಟುವುದಾಗಿ ಘೋಷಿಸಿದ. ಥರ್ಮೋಕೋಲಿನ ಮನೆಯಲ್ಲ, ರಟ್ಟಿನದೂ ಅಲ್ಲ. ಮೂರು ಪದರದ ಅಪ್ಪಟ ಸಿಮೆಂಟ್ ಗಾರೆಯ ಮನೆ. ಹಿಮ ಬೀಳುವ ದೇಶಗಳಲ್ಲಿ ಹೇಗೆ ಕಟ್ಟುತ್ತಾರೋ ಹಾಗೆ.

“ನಮ್ಮನೆ ಹಾಲ್‌ನಲ್ಲಿ ಸ್ನೋ ಬೀಳುತ್ತೇನ್ರಿ?” ಎಂದಳು ಕೌಸಲ್ಯಾ.

“ಬೀಳಲ್ಲ. ಆದ್ರೆ ಬಿದ್ರೆ ತಡ್ಕೋಬೇಕು.”

ಇದರ ಹಿಂದೆ ಒಂದು ಗಾಯವಿತ್ತು. ಹೋದ ವರ್ಷ ಜಯತೀರ್ಥ ಗೊಂಬೆ ಮೆಟ್ಟಿಲುಗಳ ಪಕ್ಕದಲ್ಲಿ ಇಡಲೆಂದು ಹದಿನೈದು ದಿನ ಕೂತು ಥರ್ಮೋಕೋಲಿನ ಕೈಲಾಸ ಪರ್ವತ ಕೆತ್ತಿದ್ದ. ಮೂರನೆಯ ದಿನ ಅರಿಸಿನ ಕುಂಕುಮಕ್ಕೆ ಬಂದವರ ಮಗು, ಖುಷಿ ಎಂಬ ನಾಲ್ಕು ವರ್ಷದ್ದು, ಸುಸ್ತಾಗಿ ಕೈಲಾಸದ ಮೇಲೆ ಕೂತುಬಿಟ್ಟಿತು. ಶಿವ ಪಾರ್ವತಿ ನಂದಿ ಸಮೇತ ಪರ್ವತ ಪುಡಿಯಾಯಿತು. ಬಂದ ಹೆಂಗಸರೆಲ್ಲ ನಕ್ಕರು. ಕೌಸಲ್ಯಾ ಕೂಡ ನಕ್ಕಳು. ಅಂದೇ ಜಯತೀರ್ಥ ಮನಸ್ಸಿನಲ್ಲಿ ಶಪಥ ತೊಟ್ಟಿದ್ದ, ಇನ್ನು ತಾನು ಕಟ್ಟುವುದರ ಮೇಲೆ ಖುಷಿಯಲ್ಲ, ಖುಷಿಯ ಅಪ್ಪ ಕೂತರೂ ಅಲುಗಬಾರದು ಎಂದು.

ಗಾಯ ಒಂದು ಕಡೆಯಾದರೆ ಇನ್ನೊಂದು ಕಡೆ ಕನಸು. ಜಯತೀರ್ಥ ಇಪ್ಪತ್ತೆರಡು ವರ್ಷದಿಂದ ಸಿಂಗಪುರದ ಜುರಾಂಗ್ ಐಲ್ಯಾಂಡಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಬಿಸಿ ಪೈಪುಗಳಿಗೆ ಸುತ್ತಿದ ತಗಡಿನ ಹೊದಿಕೆಯೊಳಗೆ ಮಳೆನೀರು ಎಲ್ಲಿ ನುಸುಳಿದೆ ಎಂದು ಹುಡುಕುವುದು ಅವನ ಕೆಲಸ. ಬೆಳಗಿನ ಕತ್ತಲಲ್ಲೇ ಮನೆಯಿರುವ ಯಿಶುನ್‌ನಿಂದ ಕಂಪನಿ ಬಸ್ಸು ಹತ್ತಿ, ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದರೆ ಸಾಕು, ಹಿಮ ಬೀಳತೊಡಗುತ್ತಿತ್ತು. ಫ್ರೀಜರಿನ ಗೋಡೆಗೆ ಅಂಟಿದ್ದನ್ನು ಬಿಟ್ಟರೆ ಅವನು ಹಿಮ ಕಂಡವನೇ ಅಲ್ಲ. ಆದರೂ ಬೀಳುತ್ತಿತ್ತು, ಸದ್ದಿಲ್ಲದೆ, ಎಳ್ಳಷ್ಟೂ ಅವಸರವಿಲ್ಲದೆ. ಅದರ ನಡುವೆ ಬಿಳಿ ಗಾರೆಯ ಒಂದು ಮನೆ, ಇಳಿಜಾರು ಮಾಡು, ಹೊಗೆಗೂಡಿನಿಂದ ನೂಲಿನಂತೆ ಏಳುವ ಹೊಗೆ. ಜಗಲಿಯಲ್ಲಿ ಉಣ್ಣೆ ಶಾಲು ಹೊದ್ದು ಫಿಲ್ಟರ್ ಕಾಫಿ ಹಿಡಿದು ನಿಂತವನು ಸ್ವತಃ ಜಯತೀರ್ಥ. ಅಷ್ಟರಲ್ಲಿ ಬಸ್ಸು ನಿಲ್ಲುತ್ತಿತ್ತು, ಬಾಗಿಲು ತೆರೆದ ಕೂಡಲೇ ಕನ್ನಡಕದ ಮೇಲೆ ಹಬೆ ಕೂರುತ್ತಿತ್ತು.

ಈ ಕನಸಿಗೆ ಆರು ತಿಂಗಳಿಂದ ತಾಂತ್ರಿಕ ಬಲವೂ ಬಂದಿತ್ತು. ಶೀತದೇಶಗಳ ಮುದಿ ಗಾರೆಯವರು ಫೋನಿನ ವಿಡಿಯೋಗಳಲ್ಲಿ ದಿನವೂ ಅವನಿಗೆ ಪಾಠ ಹೇಳುತ್ತಿದ್ದರು. ಮರದ ಗೋಡೆಗೆ ಮೊದಲು ಕಪ್ಪು ಕಾಗದ, ಅದರ ಮೇಲೆ ತಂತಿ ಬಲೆ. ಬಲೆಯನ್ನು ಹಿಡಿದುಕೊಳ್ಳುವಂತೆ ಒತ್ತಿ ಬಳಿದು ಬಾಚಣಿಗೆಯಿಂದ ಗೀರಿದ ಒರಟು ಪದರ ಮೊದಲನೆಯದು. ಮಟ್ಟ ಮಾಡುವುದು ಎರಡನೆಯದು, ಅಂದಕ್ಕೆ ಮೂರನೆಯದು. ನಡುವೆ ದಿನಗಟ್ಟಲೆ ನೀರು ಚಿಮುಕಿಸುತ್ತ ಬಾಣಂತಿಯಂತೆ ನೋಡಿಕೊಳ್ಳಬೇಕು. ಗೋಡೆಯ ಬುಡದಲ್ಲಿ ಸಣ್ಣ ಸಂದು ಬಿಡಬೇಕು, ಏಕೆಂದರೆ ಒಳಹೊಕ್ಕ ನೀರು ಹೆಪ್ಪುಗಟ್ಟಿದರೆ ಗೋಡೆಯೇ ಬಿರಿಯುತ್ತದೆ. ಇದನ್ನು ಕೇಳಿದಾಗ ಜಯತೀರ್ಥನಿಗೆ ತನ್ನ ಇಪ್ಪತ್ತೆರಡು ವರ್ಷದ ಪೈಪುಗಳೆಲ್ಲ ಒಟ್ಟಿಗೆ ತಲೆದೂಗಿದಂತಾಯಿತು. ನೀರು ಎಲ್ಲಿಂದಲಾದರೂ ಬರುತ್ತದೆ, ಅದಕ್ಕೆ ಹೊರಗೆ ಹೋಗುವ ದಾರಿ ತೋರಿಸುವವನೇ ಎಂಜಿನಿಯರ್ ಎಂದು ಅವನು ಊಟದ ಮೇಜಿನಲ್ಲಿ ಹೇಳಿದ. ಹನ್ನೆರಡು ವರ್ಷದ ಮಗಳು ಧೃತಿ ಮೊಸರನ್ನದಿಂದ ತಲೆ ಎತ್ತದೆ, ಸಿಂಗಪುರದ ಧಾಟಿಯಲ್ಲಿ “ಓಕೆ ಲಾ” ಎಂದಳು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಮದುವೆಯನ್ನು ಮಾಡಿಕೊಂಡು ನೋಡಿಯಾಗಿತ್ತು. ಹಾಲಿನ ಮೂಲೆಯಲ್ಲಿ ಟಾರ್ಪಾಲು ಹಾಸಿ ಮನೆ ಶುರುವಾಯಿತು. ಕೌಸಲ್ಯಾ ಎರಡು ಷರತ್ತು ಹಾಕಿದಳು. ಟಾರ್ಪಾಲಿನಾಚೆ ಒಂದು ಕಾಳು ಸಿಮೆಂಟೂ ಕಾಣಬಾರದು, ತನ್ನ ಗೊಂಬೆ ಮೆಟ್ಟಿಲುಗಳ ತಂಟೆಗೆ ಯಾರೂ ಬರಬಾರದು. ಜಯತೀರ್ಥ ಎರಡಕ್ಕೂ ಒಪ್ಪಿ ತಮ್ಮ ಅಪಾರ್ಟ್‌ಮೆಂಟ್ ಬ್ಲಾಕಿನ ಕೆಳಗಿನ ಹಾರ್ಡ್‌ವೇರ್ ಅಂಗಡಿಯಿಂದ ಬಿಳಿ ಸಿಮೆಂಟು, ಮರಳು, ಕರಣೆ ತಂದ. ದಪ್ಪ ಪ್ಲೈವುಡ್ ಹಲಗೆಯ ಮೇಲೆ ಎರಡಡಿ ಎತ್ತರದ ಮರದ ಚೌಕಟ್ಟು ಎದ್ದಿತು. ಮುಂದೆ, ಎಡಕ್ಕೆ, ಬಲಕ್ಕೆ ಗೋಡೆ, ಮೇಲೆ ಇಳಿಜಾರು ಮಾಡು. ಹಿಂಬದಿ ಯಾರಿಗೂ ಕಾಣುವುದಿಲ್ಲವಾದ್ದರಿಂದ ಬಯಲು. ಮುಂದೆ ಒಂದು ಪುಟ್ಟ ಜಗಲಿ.

ಮೊದಲ ಪದರಕ್ಕೆ ಧೃತಿಯ ಬಾಚಣಿಗೆ ಬಲಿಯಾಯಿತು. ಹಿಮದೇಶದ ಮನೆ ಹುಟ್ಟಿದಾಗಿನಿಂದಲೇ ಚಳಿ ಅರಿತಿರಬೇಕು ಎಂಬ ಸಿದ್ಧಾಂತದಂತೆ ಹಾಲಿನ ಏಸಿಯನ್ನು ಹದಿನಾರಕ್ಕೆ ಇಳಿಸಲಾಯಿತು. ಧೃತಿ ಸ್ವೆಟರ್ ಹಾಕಿಕೊಂಡು ಹೋಮ್‌ವರ್ಕ್ ಮಾಡಿದಳು. ಆಫೀಸಿನಿಂದ ಬಂದ ಕೌಸಲ್ಯಾ ಮೂಗೊರೆಸಿಕೊಳ್ಳುತ್ತ ಅಡುಗೆ ಮಾಡಿದಳು.

ಪಕ್ಕದ ಮನೆಯ ಅಂಕಲ್ ಕೋ ದಿನವೂ ಸಂಜೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಎಪ್ಪತ್ತೆರಡರ ಚೀನೀ ಮುದುಕ, ಬನಿಯನ್ನು, ಚಡ್ಡಿ, ರಬ್ಬರ್ ಚಪ್ಪಲಿ. ವಯಸ್ಸಿನಲ್ಲಿದ್ದಾಗ ಗಾರೆ ಕೆಲಸವನ್ನೇ ಮಾಡಿದವರು, ಈ ದ್ವೀಪದ ಎಷ್ಟು ಗೋಡೆಗಳಿಗೆ ಕರಣೆ ಆಡಿಸಿದ್ದರೋ ಅವರಿಗೇ ಲೆಕ್ಕವಿರಲಿಲ್ಲ. ಮೊದಲ ದಿನ ಅವರು ಕಲಸಿದ್ದನ್ನು ಬೆರಳಲ್ಲಿ ಮುಟ್ಟಿ ಒಂದೇ ಮಾತು ಹೇಳಿದ್ದರು.

“ಟೂ ಮಚ್ ಸಿಮೆಂಟ್ ಲಾ, ಜಯ.”

ಜಯತೀರ್ಥ ಅವರಿಗೆ ಶೀತದೇಶದ ಹವಾಮಾನದ ಬಗ್ಗೆ ಇಪ್ಪತ್ತು ನಿಮಿಷ ವಿವರಿಸಿದ. ಅಂಕಲ್ ಎಲ್ಲವನ್ನೂ ಕೇಳಿ, ತಲೆಯಾಡಿಸಿ, ಊಟಕ್ಕೆ ಹೋದರು.

ಹೀಗೆ ಮೂರು ವಾರ ಕಳೆದು ಮಹಾಲಯ ಅಮಾವಾಸ್ಯೆ ಬಂತು. ಮರುದಿನ ಪಾಡ್ಯ, ಗೊಂಬೆ ಕೂರಿಸುವ ದಿನ. ಕೌಸಲ್ಯಾ ಹಿಂದಿನ ಸಂಜೆಯೇ ಪಟ್ಟದ ಗೊಂಬೆಗಳನ್ನು ಪೆಟ್ಟಿಗೆಯಿಂದ ತೆಗೆದು, ಒರೆಸಿ, ರಾಜನಿಗೆ ಜರಿ ಪೇಟ, ರಾಣಿಗೆ ಅಂಗೈಯಗಲದ ರೇಷ್ಮೆ ಸೀರೆ ಉಡಿಸಿ, ಮೇಜಿನ ಮೇಲೆ ಬಟ್ಟೆ ಮುಚ್ಚಿ ಇಟ್ಟಿದ್ದಳು. ಅಡಿಯೆತ್ತರದ ಚಂದನದ ಜೋಡಿ. ಅವಳ ಅಜ್ಜಿಯದು. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮದುವೆಯಲ್ಲಿ ಇವಳಿಗೆ ಬಂದದ್ದು. ಸಿಂಗಪುರಕ್ಕೆ ಬರುವಾಗ ಕೌಸಲ್ಯಾ ಒಡವೆಯನ್ನು ಸೂಟ್‌ಕೇಸಿನಲ್ಲಿ ಹಾಕಿ ಇವುಗಳನ್ನು ತೊಡೆಯ ಮೇಲಿಟ್ಟುಕೊಂಡು ಬಂದವಳು.

ಅಂದು ಜಯತೀರ್ಥ ರಜೆ ಹಾಕಿದ್ದ. ಹೆಂಡತಿ ಬ್ಯಾಂಕಿಗೆ, ಮಗಳು ಶಾಲೆಗೂ ಅಲ್ಲಿಂದ ಟ್ಯೂಷನ್ನಿಗೂ ಹೋದ ಮೇಲೆ ಮೂರನೆಯ ಪದರಕ್ಕೆ ಕೈ ಹಾಕಿದ. ಮಧ್ಯಾಹ್ನದ ಹೊತ್ತಿಗೆ ಗೋಡೆಗಳು ಬೆಣ್ಣೆಯಂತೆ ಕೂತವು. ಉಳಿದದ್ದು ಜಗಲಿ ಮಾತ್ರ. ಕಲಸಿದ್ದು ಮುಗಿದಿತ್ತು, ಹೊತ್ತೂ ಮುಗಿಯುತ್ತ ಬಂದಿತ್ತು. ಚಳಿಯಲ್ಲಿ ಗಾರೆ ಬೇಗ ಹಿಡಿಯುವುದಿಲ್ಲ, ಅದಕ್ಕೇ ಆ ದೇಶದವರು ಬೇಗ ಗಟ್ಟಿಯಾಗುವ ಮದ್ದು ಬೆರೆಸುತ್ತಾರೆ ಎಂದು ಅವನಿಗೆ ನೆನಪಾಯಿತು. ಬಾತ್‌ರೂಮಿನ ಸೋರಿಕೆಗೆಂದು ಎಂದೋ ತಂದಿಟ್ಟಿದ್ದ, ಕೆಲವೇ ನಿಮಿಷಗಳಲ್ಲಿ ಬಿಗಿಯುವ ಸಿಮೆಂಟಿನ ಪೊಟ್ಟಣ ಸಿಂಕಿನ ಕೆಳಗೆ ಸಿಕ್ಕಿತು. ಅದನ್ನು ಇಡಿಯಾಗಿ ಸುರಿದು, ತಣ್ಣೀರಲ್ಲಿ ಕಲಸಿ ಜಗಲಿಗೆ ಮೆತ್ತಿದ.

ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಅದೇ ಮನೆ. ಬಸ್ಸಿನ ಕಿಟಕಿಯಲ್ಲಿ ಕಾಣುತ್ತಿದ್ದದ್ದು. ಜಗಲಿ ಮಾತ್ರ ಬರಿದಾಗಿತ್ತು.

ಒಂದೇ ಒಂದು ಫೋಟೋ ತೆಗೆದು ಕೌಸಲ್ಯಾಗೆ ಕಳಿಸಿದರೆ ಬ್ಯಾಂಕಿನಲ್ಲಿ ಕೂತವಳ ಕಣ್ಣು ತಂಪಾಗುತ್ತದೆ ಎಂದು ಅವನಿಗನ್ನಿಸಿತು. ಮೇಜಿನ ಮೇಲಿನ ಬಟ್ಟೆ ಸರಿಸಿದ. ರಾಜನನ್ನೂ ರಾಣಿಯನ್ನೂ ತಂದು, ಸೀರೆಯಂಚನ್ನು ಒಂದಿಷ್ಟು ಮೇಲೆತ್ತಿ, ಹಸಿ ಜಗಲಿಯ ಮೇಲೆ ಮೆಲ್ಲನೆ ಊರಿದ. ಐದು ನಿಮಿಷದ ಮಾತು. ಬೆಳಕು ಜಾಸ್ತಿಯಾಯಿತೆಂದು ಪರದೆ ಎಳೆದ. ಮಾಡಿನ ಮೇಲೆ ಹತ್ತಿ ಹರಡಿ, ಅದರೊಳಗೆ ನೀಲಿ ಸೀರಿಯಲ್ ಲೈಟು ಹಚ್ಚಿದ. ತಗ್ಗಿನಿಂದ ತೆಗೆದರೆ ಮನೆ ದೊಡ್ಡದಾಗಿ ಕಾಣುತ್ತದೆಂದು ಸೋಫಾದ ಮೇಲೆ ಉದ್ದಕ್ಕೆ ಮಲಗಿ ಫೋನ್ ಎತ್ತಿ ಹಿಡಿದ. ಏಸಿ ಸಣ್ಣಗೆ ಗುಂಯ್‌ಗುಡುತ್ತಿತ್ತು. ಮೂರು ವಾರದ ದಣಿವು ಕಾಲಿನಿಂದ ಮೇಲೇರಿತು.

ಹಿಮ ಬೀಳತೊಡಗಿತು. ಈ ಸಲ ಬಸ್ಸಿರಲಿಲ್ಲ. ಮನೆ ಆಳೆತ್ತರವಾಗಿತ್ತು, ಜಗಲಿಯಲ್ಲಿ ರಾಜ ರಾಣಿ ನಿಂತಿದ್ದರು. ಬನ್ನಿ ಬನ್ನಿ, ಗಾರೆ ಯಾರ ಕೈದು ಎಂದು ರಾಜ ವಿಚಾರಿಸಿದ. ನಮ್ಮದೇ ಎಂದ ಜಯತೀರ್ಥ ಸಂಕೋಚದಿಂದ. ರಾಣಿ ಬೆಳ್ಳಿ ಲೋಟದಲ್ಲಿ ಕಾಫಿ ತಂದಳು. ಮೂವರೂ ಜಗಲಿಯಲ್ಲಿ ನಿಂತು ಬಹಳ ಹೊತ್ತು ಹಿಮ ನೋಡಿದರು. 

ಗೇಟಿನ ಬೀಗ ತಿರುಗಿದ ಸದ್ದಿಗೆ ಎಚ್ಚರವಾಯಿತು. ಸಂಜೆ ಆರೂವರೆ.

ಜಯತೀರ್ಥ ಹಾರಿ ಎದ್ದು ರಾಜನ ಸೊಂಟ ಹಿಡಿದು ಎತ್ತಿದ. ರಾಜ ಏಳಲಿಲ್ಲ. ರಾಣಿಯನ್ನು ಹಿಡಿದ. ರಾಣಿ ಪತಿವ್ರತೆ, ಅವಳೂ ಏಳಲಿಲ್ಲ. ಇಬ್ಬರ ಪಾದಗಳೂ ಜಗಲಿಯೊಳಗೆ ಬೆರಳಗಲ ಇಳಿದು ಕಲ್ಲಾಗಿದ್ದವು. ಹದಿನಾರು ಡಿಗ್ರಿಯಲ್ಲಿ ಅವನ ಬೆನ್ನಿನ ಮೇಲೆ ಬೆವರು ಇಳಿಯಿತು.

ಕೌಸಲ್ಯಾ ಒಳಗೆ ಬಂದಳು. ಬ್ಯಾಗು ಹೆಗಲಲ್ಲೇ ಇತ್ತು. ಮಬ್ಬುಗತ್ತಲಲ್ಲಿ ನೀಲಿ ಬೆಳಕಿನ ಆ ಬಿಳಿ ಮನೆ, ಅದರ ಬಾಗಿಲಲ್ಲಿ ಅವಳ ಅಜ್ಜಿಯ ರಾಜ ರಾಣಿ. ಅವಳು ಅಲ್ಲೇ ನಿಂತುಬಿಟ್ಟಳು. ಜಯತೀರ್ಥ ಕ್ಷಮೆಯ ಮೊದಲ ಪದವನ್ನು ಬಾಯಿಗೆ ತಂದುಕೊಳ್ಳುವಷ್ಟರಲ್ಲಿ ಅವಳೇ ಮಾತಾಡಿದಳು.

“ಯಾರೋ ಬಂದ್ರು ಅಂತ ಹೊರಗೆ ಬಂದು ನಿಂತ ಹಾಗಿದೆ ಕಣ್ರಿ. ಎಷ್ಟು ಚೆನ್ನಾಗಿದೆ. ಈ ವರ್ಷ ಮೇಲಿನ ಮೆಟ್ಟಿಲು ಬೇಡ, ಇವರು ಇಲ್ಲೇ ಇರಲಿ.”

ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ಅವನ ಕೈಕೆಲಸಕ್ಕೆ ಬಂದ ಮೊದಲ ಪ್ರಶಸ್ತಿ. ಅದನ್ನು ನಿರಾಕರಿಸುವ ಧೈರ್ಯ ಅವನಿಗಾಗಲಿಲ್ಲ. ಇರಲಿ ಎಂದು ನೀನು ಹೇಳಿದ ಮೇಲೆ ಇದ್ದೇ ಇರುತ್ತಾರೆ ಎಂದ. ಅದು ಅಕ್ಷರಶಃ ಸತ್ಯವಾಗಿತ್ತು.

ಹೀಗೆ ಜಯತೀರ್ಥನ ನವರಾತ್ರಿ ಆರಂಭವಾಯಿತು. ಎರಡನೆಯ ದಿನ ಧೃತಿ ರಾಣಿಯ ಮುಖಕ್ಕೆ ಲೈಟು ಬೀಳುವಂತೆ ತಿರುಗಿಸಲು ಹೋಗಿ ಅಪ್ಪನ ಕಡೆ ನಿಧಾನವಾಗಿ ನೋಡಿದಳು. “ಅಪ್ಪ, ಇದು ಸ್ಟಕ್ ಆಗಿದೆ ಲಾ.” ಅಂದಿನಿಂದ ದಿನಕ್ಕೊಂದು ಬಬಲ್ ಟೀ ಅವಳ ಬಾಯಿಯನ್ನು ಮುಚ್ಚಿಡತೊಡಗಿತು. ಅಂಕಲ್ ಕೋಗೆ ಯಾರೂ ಹೇಳಬೇಕಾಗಲಿಲ್ಲ. ಉಸಲಿ ತಿನ್ನಲು ಬಂದವರು ಜಗಲಿಯನ್ನು ಒಮ್ಮೆ, ಜಯತೀರ್ಥನನ್ನು ಒಮ್ಮೆ ನೋಡಿ, ಎರಡನೆಯ ಬಟ್ಟಲು ಉಸಲಿ ಹಾಕಿಸಿಕೊಂಡರು.

ಅರಿಸಿನ ಕುಂಕುಮಕ್ಕೆ ಬಂದವರು ಮೆಟ್ಟಿಲುಗಳನ್ನು ಬಿಟ್ಟು ಮನೆಯ ಮುಂದೆಯೇ ಕೂರುತ್ತಿದ್ದರು. ಪ್ರತಿ ಸಲ ಬಾಗಿಲು ತೆರೆದಾಗಲೂ ಹೊರಗಿನ ಬಿಸಿ ಗಾಳಿಯ ತೇವ ಒಳಬಂದು ತಣ್ಣನೆಯ ಗೋಡೆಯ ಮೇಲೆ ಹನಿಹನಿಯಾಗಿ ಕೂತು ಇಳಿಯುತ್ತಿತ್ತು. ಹಿಮ ಕರಗುವುದನ್ನೂ ತೋರಿಸಿದ್ದಾರಲ್ಲ ಎಂದು ಬಂದವರು ಬೆರಗಾದರು. ನೀರು ಗೋಡೆಯ ಬುಡದ ಸಂದಿನಿಂದ ಶಿಸ್ತಾಗಿ ಹೊರಬಂದು ಕೌಸಲ್ಯಾಳ ರಂಗೋಲಿಯನ್ನು ತಲುಪುತ್ತಿತ್ತು. ಎಂಜಿನಿಯರಿಂಗ್ ಗೆದ್ದಿತ್ತು. ಎಂಜಿನಿಯರ್ ನೆಲ ಒರೆಸುತ್ತಿದ್ದ.

ಐದನೆಯ ದಿನ ಕೌಸಲ್ಯಾ ರಾಣಿಗೆ ಹಸಿರು ಸೀರೆ ಉಡಿಸುತ್ತೇನೆಂದಳು. ಹಿಮದೇಶದಲ್ಲಿ ಪದೇ ಪದೇ ಬಟ್ಟೆ ಬದಲಿಸಿದರೆ ಶೀತವಾಗುತ್ತದೆ ಎಂದ ಜಯತೀರ್ಥ. ಅವಳು ತಮಾಷೆಯೆಂದು ನಕ್ಕು ಸುಮ್ಮನಾದಳು. ಸರಸ್ವತಿ ಪೂಜೆಯ ದಿನ ಪುಸ್ತಕಗಳ ಪಕ್ಕಕ್ಕೆ ಇಬ್ಬರನ್ನೂ ಸರಿಸುತ್ತೇನೆಂದಳು. ಹೊಸ್ತಿಲು ದಾಟಿ ನಿಂತ ರಾಜ ದಶಮಿಯವರೆಗೆ ಹೆಜ್ಜೆ ಹಿಂದಿಡಬಾರದು ಎಂಬ ಹೊಸ ಶಾಸ್ತ್ರವೊಂದು ಅವನ ಬಾಯಿಂದ ಹೊರಬಿತ್ತು. ಯಾವ ಪುಸ್ತಕದಲ್ಲಿದೆ ಎಂದು ಅವಳು ಕೇಳಿದಾಗ, ನಮ್ಮ ತಾತ ಹೇಳುತ್ತಿದ್ದರು ಎಂದು ಸತ್ತವರ ಮೇಲೆ ಹಾಕಿದ. ಎಂಟನೆಯ ದಿನ ಗಾರ್ಗಿ ಎಂಬ ಗೆಳತಿ, ತನ್ನ ಮನೆಯಲ್ಲಿ ಒಂಬತ್ತು ಮೆಟ್ಟಿಲು ಕೂರಿಸಿದವಳು, ರಾಣಿಯನ್ನು ಎತ್ತಿ ನೋಡಲು ಕೈ ಹಾಕಿಯೇಬಿಟ್ಟಳು. ಜಯತೀರ್ಥ ನೆಲ ಒರೆಸುವ ಬಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡ. ಆಕೆ ಎರಡು ಸಲ ಎಳೆದು ಸೋತು, ಹಳೇ ಕಾಲದ ಚಂದನ ಎಂದರೆ ಇದಪ್ಪ, ಎಷ್ಟು ಭಾರ ಎಂದು ಊರಿಗೆಲ್ಲ ಸಾರಿದಳು.

ವಿಜಯದಶಮಿ ಶನಿವಾರ ಬಂತು. ಸಂಜೆ ದೀಪ ಹಚ್ಚಿ, ಕೆಂಪು ನೀರಿನ ಆರತಿ ಎತ್ತಿ, ಕೌಸಲ್ಯಾ ಸಣ್ಣ ಚಾಪೆ ಹಾಸಿ ಅದರ ಮೇಲೆ ಎರಡು ಪುಟ್ಟ ದಿಂಬು ಇಟ್ಟಳು. ಗೊಂಬೆಗಳನ್ನು ಮಲಗಿಸುವ ಹೊತ್ತು. ಅವಳು ಮಂಡಿಯೂರಿ ಎರಡೂ ಕೈಗಳಿಂದ ರಾಜನನ್ನು ಹಿಡಿದಳು.

“ಕೌಸಲ್ಯಾ, ಬೇಡ,” ಎಂದ ಜಯತೀರ್ಥ. “ಅವನು ಬರಲ್ಲ.”

ಆಮೇಲೆ ಎಲ್ಲವನ್ನೂ ಹೇಳಿದ. ಸಿಂಕಿನ ಕೆಳಗಿನ ಪೊಟ್ಟಣ, ಫೋಟೋ, ಸೋಫಾ, ತಾತ, ಬಬಲ್ ಟೀ, ಒಂದನ್ನೂ ಬಿಡಲಿಲ್ಲ. ಬೈಯುತ್ತಾಳೆಂದು ಕಾದ. ಕೌಸಲ್ಯಾ ಬೈಯಲಿಲ್ಲ. ರಾಜನ ಕಾಲ ಬಳಿ ಗಾರೆಯನ್ನು ಬೆರಳಿನಿಂದ ಸವರಿ ನೋಡಿದಳು. ಅವಳ ಕಣ್ಣು ತುಂಬಿತ್ತು. ಅದನ್ನು ಕಂಡು ಜಯತೀರ್ಥನಿಗೆ, ಬೈದಿದ್ದರೇ ವಾಸಿಯಿತ್ತು ಎನಿಸಿತು.

“ಅಜ್ಜಿ ಒಂದೇ ಮಾತು ಹೇಳಿದ್ರು,” ಎಂದಳು. “ಒಂಬತ್ತು ದಿನ ನಿಂತು ದಣಿದಿರ್ತಾರೆ, ಹತ್ತನೇ ದಿನ ಮಲಗಿಸೋದು ಮರೀಬೇಡ ಅಂತ. ಒಂದು ವರ್ಷಾನೂ ತಪ್ಪಿಸಿಲ್ಲ ನಾನು.”

ಧೃತಿ ಓಡಿಹೋಗಿ ಅಂಕಲ್ ಕೋರನ್ನು ಕರೆತಂದಳು. ಅವರು ಹಳೆಯ ಉಳಿಯೊಂದಿಗೆ ಬಂದು, ಜಗಲಿಯನ್ನು ಉಗುರಿನಿಂದ ತಟ್ಟಿ, ಕಿವಿಗೊಟ್ಟು ಕೇಳಿದರು. ಈಗಲೇ ಹೊಡೆದರೆ ಮರ ಸೀಳುತ್ತದೆ, ಗಾರೆ ಅಷ್ಟು ಬಿರುಸಾಗಿದೆ, ರಾತ್ರಿಯೆಲ್ಲ ವಿನಿಗರ್‌ನಲ್ಲಿ ನೆನೆದು ಮೆತ್ತಗಾಗಲಿ, ಬೆಳಿಗ್ಗೆ ನೋಡೋಣ ಎಂದರು. ಇವರು ಇವತ್ತೇ ಮಲಗಬೇಕು ಅಂಕಲ್ ಎಂದಳು ಕೌಸಲ್ಯಾ. ಮುದುಕ ಅವಳ ಮುಖ ನೋಡಿದರು. ಗೊಂಬೆ ಯಾಕೆ ಮಲಗಬೇಕು ಎಂದು ಕೇಳಲಿಲ್ಲ. ಮನೆಯ ಸುತ್ತ ಒಂದು ಸುತ್ತು ಬಂದು, ಬಯಲಾಗಿದ್ದ ಹಿಂಬದಿಯನ್ನು ನೋಡಿ, ಹಾಗಾದರೆ ಮನೆಯನ್ನೇ ಮಲಗಿಸೋಣ ಎಂದರು.

ಐವತ್ತು ಕಿಲೋದ ಮನೆ ಚಾಪೆಯ ಮೇಲೆ ಮಲಗುವಂಥದ್ದಲ್ಲ, ನೆಲಕ್ಕೆ ತಾಗಿದರೆ ಗೋಡೆ ಬಿರಿದು ಗೊಂಬೆಗೂ ಪೆಟ್ಟಾಗುತ್ತದೆ. ಮೆತ್ತೆ ಬೇಕು. ಅಷ್ಟು ದೊಡ್ಡ ಮೆತ್ತೆ ಆ ಮನೆಯಲ್ಲಿದ್ದದ್ದು ಒಂದೇ. ಪ್ಲೈವುಡ್ಡಿನ ನಾಲ್ಕು ಮೂಲೆಗೆ ನಾಲ್ವರು ನಿಂತು, ಮೆರವಣಿಗೆಯಂತೆ ಒಂದೊಂದೇ ಹೆಜ್ಜೆಯಿಟ್ಟು, ಮನೆಯನ್ನು ಬೆಡ್‌ರೂಮಿಗೆ ಹೊತ್ತರು. ದಂಪತಿಗಳ ಹಾಸಿಗೆಯ ಮೇಲೆ ಅದನ್ನು ಮೆಲ್ಲನೆ ಹಿಂದಕ್ಕೆ ವಾಲಿಸಿದರು. ಬಿಳಿ ಗೋಡೆಯೇ ಹಾಸಿಗೆಯಾಗಿ ರಾಜ ರಾಣಿ ಅಕ್ಕಪಕ್ಕದಲ್ಲಿ ಅಂಗಾತ ಮಲಗಿದರು. ಕೌಸಲ್ಯಾ ತಲೆಯಡಿ ದಿಂಬು ಇಟ್ಟಳು. ಅಂಕಲ್ ಕೋ ಪಾದಗಳಿಗೆ ವಿನಿಗರ್ ಬಟ್ಟೆ ಸುತ್ತಿದರು. ಧೃತಿ ಲೈಟು ಆರಿಸಿದಳು. ಜೋಗುಳ ಯಾರೂ ಹೇಳಲಿಲ್ಲವಾದರೂ ಎಲ್ಲರೂ ತುದಿಗಾಲಲ್ಲಿ ಹೊರಬಂದರು.

ಗಂಡ ಹೆಂಡತಿ ಹಾಲಿನಲ್ಲಿ ಚಾಪೆ ಹಾಸಿಕೊಂಡರು. ಕಿಟಕಿ ತೆರೆದಿತ್ತು, ಏಸಿ ಆರಿತ್ತು. ಸೆಖೆಗೆ ಇಬ್ಬರಿಗೂ ನಿದ್ದೆ ಹತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೌಸಲ್ಯಾ, ಆ ಹಿಮದ ಮನೆಯೊಳಗೆ ಏನಿರುತ್ತದೆ, ಬರೀ ಗೋಡೆಯನ್ನೇ ಹೇಳುತ್ತೀರಲ್ಲ ಎಂದು ಕೇಳಿದಳು. ಜಯತೀರ್ಥ ಯೋಚಿಸಿದ. ಇಷ್ಟು ವರ್ಷದಲ್ಲಿ ಅವನು ಜಗಲಿಯಿಂದ ಒಳಗೆ ಹೋಗಿಯೇ ಇರಲಿಲ್ಲ. ಒಳಗೆ ನೀನಿರುತ್ತೀಯ ಎಂದ. ಆ ಚಳಿಯಲ್ಲಿ ನಾನೇ ಎದ್ದು ಕಾಫಿ ಮಾಡಬೇಕು ತಾನೆ ಎಂದಳು. ಅವಳು ನಗುತ್ತಿದ್ದಾಳೋ ಇಲ್ಲವೋ ಕತ್ತಲಲ್ಲಿ ತಿಳಿಯಲಿಲ್ಲ.

ಬೆಳಿಗ್ಗೆ ಅಂಕಲ್ ಕೋ ಎರಡು ಗಂಟೆ ಕೂತು, ಹಲ್ಲು ಕೀಳುವ ಡಾಕ್ಟರಂತೆ ಉಳಿ ಆಡಿಸಿದರು. ಜಗಲಿ ಚೂರುಚೂರಾಯಿತು, ಮರಕ್ಕೆ ಒಂದು ಗೀರೂ ಬೀಳಲಿಲ್ಲ. ಆದರೆ ಪಾದಗಳಿಗೆ ಕಚ್ಚಿದ್ದ ಗಾರೆ ಮಾತ್ರ ಬಿಡಲಿಲ್ಲ. ಇನ್ನೂ ಕೆರೆದರೆ ಬಣ್ಣ ಏಳುತ್ತದೆಂದು ಅವರು ಅದನ್ನು ಸುತ್ತಲೂ ನಯವಾಗಿ ಉಜ್ಜಿ, ದುಂಡಗೆ ಮಾಡಿ ಬಿಟ್ಟರು. ಮನೆಯನ್ನು ಕೆಳಗಿನ ಸಮುದಾಯ ತೋಟಕ್ಕೆ ಸಾಗಿಸಲಾಯಿತು. ಅಲ್ಲಿ ಮಧ್ಯಾಹ್ನದೊಳಗೆ ಬ್ಲಾಕಿನ ಹಳದಿ ಬೆಕ್ಕೊಂದು ಗೃಹಪ್ರವೇಶ ಮಾಡಿತು.

ಗೊಂಬೆ ಪೆಟ್ಟಿಗೆಗೆ ಹೋಗುವ ಮುನ್ನ ನೋಡಲೆಂದು ಕೌಸಲ್ಯಾಳ ಅಮ್ಮ ಮೈಸೂರಿನಿಂದ ವಿಡಿಯೋ ಕಾಲ್ ಮಾಡಿದರು. ಕೌಸಲ್ಯಾ ಇಬ್ಬರನ್ನೂ ಕ್ಯಾಮೆರಾದ ಮುಂದೆ ಹಿಡಿದಳು. ಅಮ್ಮ ಕನ್ನಡಕ ಸರಿಮಾಡಿಕೊಂಡರು.

“ರಾಜಾ ರಾಣಿ ಕಾಲಿಗೆ ಏನೇ ಅದು, ಬೆಳ್ಳಗೆ?”

ಜಯತೀರ್ಥ ಅಡುಗೆಮನೆಯ ಕಡೆ ಒಂದು ಹೆಜ್ಜೆ ಸರಿದ.

“ಬೂಟು ಅಮ್ಮ. ನಿನ್ನ ಅಳಿಯಂದ್ರೇ ಮಾಡಿ ಹಾಕಿದ್ದು. ಸ್ನೋ ಬಿದ್ರೆ ಇವರ ಕಾಲು ಥಂಡಿ ಆಗಬಾರ್ದು ಅಂತ.”

ಅಮ್ಮ ಕನ್ನಡಕ ತೆಗೆದು ಫೋನಿಗೆ ಮುಖ ಹತ್ತಿರ ತಂದರು. ಆಮೇಲೆ ಅಮ್ಮನ ದನಿ ತಗ್ಗಿ, ಬಹಳ ಮೃದುವಾಗಿ ಬಂತು.

“ಪಾಪ, ಅವರಿಗೆ ಬಿಸಿಲು ಜಾಸ್ತಿ ಆಗಿದೆ ಕಣೇ. ಒಂದು ವಾರ ರಜ ಹಾಕ್ಸು. ದಿನಾ ನೆತ್ತಿಗೆ ಹರಳೆಣ್ಣೆ ಒತ್ತು.”

ಕೌಸಲ್ಯಾ ಹೂಂ ಎಂದು ಫೋನಿಟ್ಟು ಎಣ್ಣೆ ಬಟ್ಟಲು ತಂದಳು. ಜಯತೀರ್ಥ ಕನ್ನಡಕ ತೆಗೆದಿಟ್ಟು, ಮಣೆಯ ಮೇಲೆ ಕೂತು, ತಲೆ ಬಗ್ಗಿಸಿದ.